ಬಾರದವರ ಲೆಕ್ಕ

ಆಸ್ಪತ್ರೆಯ ದಾಖಲೆ ಪುಸ್ತಕವು ಬಂದವರ ಲೆಕ್ಕವನ್ನಷ್ಟೇ ಹೇಳಬಲ್ಲದು. ಬಾರದವರ ವಿಷಯದಲ್ಲಿ ಅದು ಮೂಕ. ಬಾರದಿರಲು ಕಾರಣಗಳು ಅನೇಕ. ದಾರಿಯಿಲ್ಲ, ಬಸ್ಸಿಲ್ಲ, ಕೈಯಲ್ಲಿ ಕಾಸಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ರೋಗವನ್ನು ಹೊರಗೆ ಹೇಳಿಕೊಳ್ಳಲು ಮನಸ್ಸಿಲ್ಲ. ಆದುದರಿಂದ ಸೇವೆಯನ್ನು ನಡೆಸುವವರ ಹಂಗಿಗೆ ಒಳಗಾಗದ ಕೆಲವರು ಮನೆಮನೆಗೆ ಹೋಗಿ, ಕಂಡದ್ದನ್ನು ಕಂಡಂತೆ ಹೇಳುವುದು ಅವಶ್ಯವಾಗುತ್ತದೆ. ಸ್ವತಂತ್ರ ಸಂಶೋಧನೆ, ಸಲಹಾಸೇವೆ ಎಂಬ ಹೆಸರಿನಲ್ಲಿ ಇದು ಈಗ ನಗರಗಳಲ್ಲಿ ಒಂದು ವೃತ್ತಿಯೇ ಆಗಿದೆ. ಓದುಗರು ಇದನ್ನು ದೂರದ ಮಾತೆಂದು ತಿಳಿಯಬಾರದು. ನಮ್ಮ ಪುಟ್ಟ ಯಳಂದೂರಿನ ಹೆಸರು 2001ರಲ್ಲಿ ಲಂಡನ್ನಿನ ಪ್ರಸಿದ್ಧ ವೈದ್ಯಪತ್ರಿಕೆ ‘ಲ್ಯಾನ್ಸೆಟ್’ನಲ್ಲಿ ಅಚ್ಚಾದದ್ದು ಇಂತಹ ಅಧ್ಯಯನದಿಂದಲೇ.

ಅದು ಮೂರ್ಛೆರೋಗವನ್ನು ಕುರಿತ ಅಧ್ಯಯನ. ಯಳಂದೂರು ಇನ್ನೂ ಮೈಸೂರು ಜಿಲ್ಲೆಗೆ ಸೇರಿದ್ದ 1990-91ರಲ್ಲಿ ಬೆಂಗಳೂರಿನ ನರರೋಗತಜ್ಞ ಡಾ. ಕೆ. ಎಸ್. ಮಣಿ ಮತ್ತು ಅವರ ಸಂಗಡಿಗರ ಯೋಜನೆಯಲ್ಲಿ ಸುಮಾರು 65,000 ಜನರ ಮನೆಬಾಗಿಲಿಗೆ ಹೋಗಿ ವಿಚಾರಿಸಲಾಯಿತು. ಸಾವಿರಕ್ಕೆ ನಾಲ್ಕೈದು ಮಂದಿಯಂತೆ ಮೂರ್ಛೆರೋಗಿಗಳು ಕಂಡುಬಂದರು. ಅವರಲ್ಲಿ ಅನೇಕರು ಅದುವರೆಗೆ ಯಾವ ಔಷಧವನ್ನೂ ಸೇವಿಸಿದವರಲ್ಲ.

ಏಕೆ ಸೇವಿಸಿರಲಿಲ್ಲ? ಈ ರೋಗವನ್ನು ರೋಗವೆಂದು ಕಾಣದಿರುವುದೇ ಮೊದಲ ಕಾರಣವೆಂದು ನನಗೆ ತೋರುತ್ತದೆ. ನಮ್ಮ ಪ್ರಾಚೀನರಿಗಾದರೋ ಆ ಭ್ರಮೆಯಿರಲಿಲ್ಲ. ಚರಕಸಂಹಿತೆಯ ನಿದಾನಸ್ಥಾನದಲ್ಲಿಯೂ ಚಿಕಿತ್ಸಾಸ್ಥಾನದಲ್ಲಿಯೂ ‘ಅಪಸ್ಮಾರ’ಕ್ಕೆ ಪ್ರತ್ಯೇಕ ಅಧ್ಯಾಯಗಳಿವೆ. ಸ್ಮರಣೆ ತಪ್ಪಿಹೋಗುವುದು ಎಂಬುದೇ ಆ ಪದದ ಅರ್ಥ. (ನಟರಾಜನ ಪಾದದ ಕೆಳಗೆ ಬಿದ್ದಿರುವ ಕುಳ್ಳನಿಗೂ ಇದೇ ಹೆಸರು.) ಹೀಗೆ ಶಾಸ್ತ್ರವು ಚಿಕಿತ್ಸೆಯ ವಿಷಯವೆಂದು ಎಣಿಸಿದ್ದನ್ನು ಲೋಕವು ಗಾಳಿ, ಸೋಂಕು, ಪೂರ್ವಕರ್ಮ ಎಂದಿತು. ಬಿದ್ದವರ ಕೈಗೆ ಬೀಗದ ಕೈಯನ್ನೋ ಕಬ್ಬಿಣದ ತುಂಡನ್ನೋ ಹಿಡಿಸುವುದು ಇಂದಿಗೂ ನಿಂತಿಲ್ಲ. ಅದರಿಂದ ಯಾವ ಪ್ರಯೋಜನವೂ ಇಲ್ಲ. ಬಿದ್ದವರನ್ನು ಒಂದು ಮಗ್ಗುಲಿಗೆ ಹೊರಳಿಸಬೇಕು. ಬಾಯಿಗೆ ಏನನ್ನೂ ತುರುಕಬಾರದು. ಸೆಳೆತ ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಒಯ್ಯಬೇಕು.

ಎಣಿಸಿ ಬರೆದುಕೊಂಡು ಹೊರಟುಹೋಗಿದ್ದರೆ ಆ ಸಮೀಕ್ಷೆಯಿಂದ ಯಳಂದೂರಿಗೆ ದೊರಕುತ್ತಿದ್ದುದು ಅಲ್ಪವೇ. ಅವರು ಹಾಗೆ ಮಾಡಲಿಲ್ಲ. ಚಿಕಿತ್ಸೆಯನ್ನೇ ಕಾಣದಿದ್ದವರಿಗೆ ಔಷಧ ಕೊಡಿಸಿ ಐದು ವರ್ಷಗಳವರೆಗೆ ಗಮನಿಸುತ್ತ ಬಂದರು. ಕೊಟ್ಟ ಔಷಧಗಳೂ ದುಬಾರಿಯವಲ್ಲ: 1912ರಿಂದ ಬಳಕೆಯಲ್ಲಿರುವ ಫಿನೋಬಾರ್ಬಿಟಾಲ್ ಮತ್ತು 1938ರಿಂದ ಬಳಕೆಯಲ್ಲಿರುವ ಫೆನಿಟೋಯಿನ್. ಕ್ರಮವಾಗಿ ಸೇವಿಸಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಮೂರ್ಛೆ ಬರುವುದು ನಿಂತಿತು. ಬೇಗ ಚಿಕಿತ್ಸೆಗೆ ಬಂದವರಿಗೆ ಗುಣ ಹೆಚ್ಚು. ಎಷ್ಟೋ ಸಲ ಬಿದ್ದ ಮೇಲೆ ಬಂದವರಿಗೆ ಕಡಿಮೆ. ಎಲ್ಲರೂ ಔಷಧವನ್ನು ತಪ್ಪದೆ ಸೇವಿಸಲಿಲ್ಲವೆಂಬುದನ್ನೂ ಅವರು ಮರೆಮಾಚಲಿಲ್ಲ. ಹೊರಗಿನವರ ಅಧ್ಯಯನಕ್ಕೆ ಬೆಲೆ ಬರುವುದು ಇಂತಹ ಅಪ್ರಿಯವಾದ ಮಾತಿನಿಂದಲೇ. ಹಣ ಕೊಟ್ಟವರಿಗೆ ಹಿತವಾದದ್ದನ್ನಷ್ಟೇ ಬರೆಯುವ ವರದಿಯು ಜಾಹೀರಾತಿಗಿಂತ ಹೆಚ್ಚಿನದೇನಲ್ಲ. ದೊಡ್ಡ ಯಂತ್ರಗಳಿಲ್ಲದೆ, ಹಳ್ಳಿಯ ಮಟ್ಟದಲ್ಲೇ ಈ ರೋಗವನ್ನು ಬಹುಮಟ್ಟಿಗೆ ಹತೋಟಿಗೆ ತರಬಹುದೆಂಬ ಸಲಹೆ ಬಡ ದೇಶಗಳ ಆರೋಗ್ಯ ಇಲಾಖೆಗಳಿಗೆಲ್ಲ ಉಪಯುಕ್ತವಾದದ್ದು.

ಇದೇ ಡಾ. ಮಣಿಯವರು 1968ರಷ್ಟು ಹಿಂದೆಯೇ ಬಿಸಿನೀರಿನ ಮೂರ್ಛೆಯನ್ನು ಕುರಿತು ಬರೆದಿದ್ದರು. ಮುಂದೆ ನಿಮ್ಹಾನ್ಸ್ ವೈದ್ಯರೂ ಅದನ್ನು ವಿಸ್ತಾರವಾಗಿ ಅಧ್ಯಯನ ಮಾಡಿದರು. ದಕ್ಷಿಣ ಕರ್ನಾಟಕದಲ್ಲಿ ಇದು ವಿಶೇಷ. ಹಂಡೆಯ ಸುಡುನೀರನ್ನು ಚೊಂಬಿನಿಂದ ಮೇಲಿಂದ ಮೇಲೆ ತಲೆಗೆ ಹೊಯ್ಯುವುದು ನಮ್ಮ ಮನೆಗಳ ಅಭ್ಯಂಜನದ ಕ್ರಮವಷ್ಟೆ. ಕೆಲವು ಮಕ್ಕಳಿಗೆ ಅದೇ ಮೂರ್ಛೆಯನ್ನು ತರುತ್ತದೆ. ಅಂತಹ ಮಗುವಿಗೆ ನೀರಿನ ಕಾವನ್ನು ಇಳಿಸಬೇಕು, ವೈದ್ಯರಿಗೂ ತೋರಿಸಬೇಕು. ಹಬ್ಬದ ಎಣ್ಣೆನೀರಿನ ದಿನ ತಾಯಂದಿರು ಇದನ್ನು ನೆನಪಿನಲ್ಲಿಡಲಿ.

ಸೇವೆ ಮಾಡುವವರೂ ನಮ್ಮಲ್ಲಿ ಇಲ್ಲದಿಲ್ಲ. ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ಬಿಳಿಗಿರಿರಂಗನ ಬೆಟ್ಟದಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಕಟ್ಟಿದರು. 1996ರಲ್ಲಿ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ನಡೆಸುವ ಹೊಣೆ ಕರುಣಾ ಟ್ರಸ್ಟಿಗೆ ಬಂತು. ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಪಬ್ಲಿಕ್ ಹೆಲ್ತ್ ಸಂಸ್ಥೆಯವರು ಅದೇ ಬೆಟ್ಟದಲ್ಲಿ ನೆಲೆಮಾಡಿಕೊಂಡು ಸೋಲಿಗರ ಆರೋಗ್ಯವನ್ನು ಅಧ್ಯಯನ ಮಾಡಿದ್ದಾರೆ. ಆದರೆ ಕೊಳ್ಳೇಗಾಲದಿಂದ ಬೇರೆಯಾಗಿ ತಾಲ್ಲೂಕಾದ ಹನೂರಿನ ಕಾಡಂಚಿನ ಪೋಡುಗಳು, ಮಾದೇಶ್ವರನ ಬೆಟ್ಟದ ಸುತ್ತಣ ಹಳ್ಳಿಗಳು ಯಳಂದೂರಿನಂತೆ ಬಯಲಿನವಲ್ಲ. ಅಲ್ಲಿ ಎಣಿಸಲು ಹೋಗುವವರು ಕಾಲಿನಲ್ಲಿ ಶಕ್ತಿಯಿರುವವರಾಗಿರಬೇಕು.

ಸಂಶೋಧಕರು ಎಷ್ಟೇ ನಡೆದರೂ ಹೊಸ್ತಿಲವರೆಗೆ ಬರಬಲ್ಲರೇ ಹೊರತು ಒಳಗಿರುವುದನ್ನು ಮನೆಯವರೇ ಹೇಳಬೇಕು. ಮದುವೆಗೆ ಬಂದ ಹೆಣ್ಣುಮಗಳಿದ್ದರೆ ಆ ಬಾಯಿ ಕಟ್ಟಿಹೋಗುತ್ತದೆ. 1955ರ ಹಿಂದೂ ವಿವಾಹ ಕಾಯಿದೆಯೇ ಮರುಕಳಿಸುವ ಮೂರ್ಛೆಯನ್ನು ಹುಚ್ಚಿನ ಜೊತೆಗೆ ಸೇರಿಸಿ, ವಿವಾಹಕ್ಕೆ ಅಡ್ಡಿಯೆಂದು ಎಣಿಸಿತ್ತು. 1999ರ ತಿದ್ದುಪಡಿಯಲ್ಲಿ ಆ ಮಾತನ್ನು ತೆಗೆದುಹಾಕಲಾಯಿತು. ಕಾಯಿದೆಯಿಂದ ಹೋದದ್ದು ನಮ್ಮ ಪಡಸಾಲೆಗಳಿಂದ ಇನ್ನೂ ಹೋಗಿಲ್ಲ. ಗಂಡಿನ ಕಡೆಯವರಿಗೆ ತಿಳಿಸದೆ ಮದುವೆ ಮಾಡಿಕೊಟ್ಟ ಮೇಲೆ, ಅತ್ತೆಯವರ ಕಣ್ಣಿಗೆ ಬಿದ್ದೀತೆಂದು ಹುಡುಗಿ ಮಾತ್ರೆಯನ್ನು ನಿಲ್ಲಿಸುತ್ತಾಳೆ. ತಟ್ಟನೆ ನಿಲ್ಲಿಸಿದರೆ ಮೂರ್ಛೆ ಮೊದಲಿಗಿಂತ ಉಗ್ರವಾಗಿ ಬರಬಹುದು, ಪ್ರಾಣಕ್ಕೇ ಎರವಾಗಬಹುದು. ಹೆಣ್ಣು ನೋಡುವ ದಿನವೇ ಎರಡೂ ಕಡೆಯ ಹಿರಿಯರು ಕುಳಿತು, ಇಂತಹ ಮಾತ್ರೆ ಇಷ್ಟು ವರ್ಷದಿಂದ ನಡೆಯುತ್ತಿದೆ, ಮುಂದೆಯೂ ವೈದ್ಯರು ಹೇಳುವವರೆಗೆ ನಡೆಯಬೇಕು ಎಂದು ಮಾತಾಡಿಕೊಳ್ಳುವುದಕ್ಕೆ ಕಾಲುಗಂಟೆ ಸಾಕು.