ಹಳೆಯ ನೆನಪಿಗೆ ಹೊಸ ಸುಂಕ

ಮೊಬೈಲಿನ ಆಟ ಎಂದೊಡನೆ ನಾವು ಹೆಂಗಸರು ಮಕ್ಕಳ ಕಿವಿ ಹಿಂಡಲು ಹೊರಡುತ್ತೇವೆ. ಮಕ್ಕಳನ್ನು ಸ್ವಲ್ಪ ಹೊತ್ತು ಬಿಟ್ಟುಬಿಡಿ. ನನ್ನ ಜಗಳ ಇರುವುದು ನಲವತ್ತರ ಆಸುಪಾಸಿನ ಗಂಡಸರ ಮೇಲೆ ಕಣ್ಣಿಟ್ಟು ಬರುತ್ತಿರುವ ಆಟಗಳ ಜೊತೆ. ಅವರು ಹುಡುಗರಾಗಿದ್ದಾಗ ಕಂಪ್ಯೂಟರಿನಲ್ಲಿ ಆಡಿದ್ದ ಆಟಗಳಿಗೇ ಹೊಸ ಬಟ್ಟೆ ತೊಡಿಸಿ ಮೊಬೈಲಿಗೆ ತರುತ್ತಾರೆ. ಅದೇ ಹೆಸರು, ಅದೇ ಸಂಗೀತ, ಅದೇ ರಾಕ್ಷಸರು. ನೆನಪು ಮನುಷ್ಯನ ಮೆತ್ತಗಿನ ಜಾಗ. ಅಲ್ಲಿಗೇ ಕೈ ಹಾಕುತ್ತಾರೆ.

ಕೊರಿಯಾದ ‘ರಾಗ್ನರಾಕ್ ಆನ್‌ಲೈನ್’ 2002ರದು. ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಕಾಣದ ಊರಿನವರೊಡನೆ ಗುಂಪು ಕಟ್ಟಿಕೊಂಡು ಹೋರಾಡುವ ಆಟ. 2017ರಿಂದ ಈಚೆಗೆ ಅದರ ಮೊಬೈಲ್ ಅವತಾರಗಳು ಒಂದರ ಹಿಂದೊಂದು ಬಂದವು. ಅಮೆರಿಕದ ‘ಡಯಾಬ್ಲೊ’ ತೊಂಬತ್ತರ ದಶಕದ್ದು. ಒಮ್ಮೆ ದುಡ್ಡು ಕೊಟ್ಟು ಕೊಂಡರೆ ಮುಗಿಯಿತು. 2022ರಲ್ಲಿ ಬಂದ ಅದರ ಮೊಬೈಲ್ ರೂಪ ‘ಡಯಾಬ್ಲೊ ಇಮ್ಮಾರ್ಟಲ್’ ಪುಕ್ಕಟೆ. ಗುಟ್ಟಿರುವುದು ಆ ಪುಕ್ಕಟೆಯಲ್ಲೇ. ಇಂಥ ಆಟಗಳಲ್ಲಿ ಬಾಗಿಲಿಗೆ ಕಾಸಿಲ್ಲ, ಒಳಗೆ ಹೆಜ್ಜೆಹೆಜ್ಜೆಗೂ ಸುಂಕ. ದಿನವೂ ಹಾಜರಿ ಹಾಕಬೇಕು. ತಪ್ಪಿದರೆ ಬಹುಮಾನ ಹೋಯಿತು. ಒಳ್ಳೆಯ ಕತ್ತಿ ಬೇಕೆಂದರೆ ಅದೃಷ್ಟದ ಪೆಟ್ಟಿಗೆ ತೆರೆಯಬೇಕು. ರೂಪಾಯಿಯನ್ನು ಮೊದಲು ಹರಳೋ ನಾಣ್ಯವೋ ಮಾಡಿಕೊಡುತ್ತಾರೆ. ಆಮೇಲೆ ಖರ್ಚಾಗುತ್ತಿರುವುದು ರೂಪಾಯಿ ಎಂಬುದೇ ಮರೆತುಹೋಗುತ್ತದೆ.

ಕೊಳ್ಳೇಗಾಲದಲ್ಲಿರುವ ನಮ್ಮ ಬಳಗದ ಹೆಣ್ಣುಮಗಳೊಬ್ಬಳು ಚೀಟಿ ಕಟ್ಟಲೆಂದು ಉಳಿಸಿದ್ದ ಹಣ ಹೀಗೆ ಎಂಬತ್ತು, ನೂರೈವತ್ತು ಎಂದು ಸೋರಿಹೋಯಿತು. “ಕುಡಿಯಲ್ಲ ಕಣಕ್ಕ, ಇಸ್ಪೀಟು ಮುಟ್ಟಲ್ಲ, ಮನೆ ಬಿಟ್ಟು ಹೋಗಲ್ಲ. ಏನಂತ ಜಗಳ ಆಡ್ಲಿ?” ಎಂದಳು. ನನ್ನನ್ನು ಕೆರಳಿಸಿದ್ದು ಈ ಮಾತೇ. ಕುಡುಕನ ಹೆಂಡತಿಗೆ ಊರೇ ಮರುಗುತ್ತದೆ. ಇವಳ ನಷ್ಟಕ್ಕೆ ಒಂದು ಹೆಸರು ಕೂಡ ಇಲ್ಲ.

ಹಳೆಯ ಕಥೆಯನ್ನು ಮತ್ತೆ ಹೇಳುವುದು ತಪ್ಪೇ ಎಂದು ನೀವು ಕೇಳಬಹುದು. ತಪ್ಪಾಗಿದ್ದರೆ ನಮ್ಮ ಸೀಮೆಗೆ ಬಾಯೇ ಇರುತ್ತಿರಲಿಲ್ಲ. ಹನೂರು ತಾಲ್ಲೂಕಿನ ಬೆಟ್ಟದ ಮಾದಪ್ಪ ಹುಲಿಯೇರಿ ಬಂದದ್ದು, ಶ್ರವಣ ದೊರೆಯ ಗರ್ವ ಮುರಿದದ್ದು, ಸಂಕಮ್ಮನನ್ನು ಕಾಯ್ದದ್ದು, ಇವನ್ನೇ ಕಂಸಾಳೆಯವರು ತಲೆತಲಾಂತರದಿಂದ ಹಾಡುತ್ತಿದ್ದಾರೆ. ಯಳಂದೂರಿನ ಕಡೆ ಬಿಳಿಗಿರಿರಂಗ ಸೋಲಿಗರ ಕುಸುಮಾಲೆಯನ್ನು ವರಿಸಿದ ಕಥೆಗೂ ವಯಸ್ಸಾಗಿಲ್ಲ. ಅಲ್ಲಿಯೂ ಪವಾಡವಿದೆ, ರಾತ್ರಿಯಿಡೀ ಕೂರಿಸುವ ಮೋಹವಿದೆ. ಹಾಡುವವರಿಗೆ ದವಸವನ್ನೋ ದುಡ್ಡನ್ನೋ ಕೊಡುವುದೂ ಇದೆ. ಆದರೆ ಎಷ್ಟು ಕೊಟ್ಟೆ ಎಂದು ಕೊಡುವ ಕೈಗೆ ಗೊತ್ತು. ಶ್ರವಣನ ಸಂಹಾರಕ್ಕೆ ಮುಂಚೆ ಕಥೆ ನಿಲ್ಲಿಸಿ, ಹೆಚ್ಚು ಕೊಟ್ಟವರಿಗೆ ಮಾತ್ರ ಮುಂದಿನದು ಎಂದು ಯಾವ ದೇವರಗುಡ್ಡನೂ ಹೇಳುವುದಿಲ್ಲ. ಬೆಳಗಾಗುತ್ತದೆ, ಕಥೆ ಮುಗಿಯುತ್ತದೆ, ಜನ ಎದ್ದು ಮನೆಗೆ ಹೋಗುತ್ತಾರೆ. ಈ ಆಟಗಳಲ್ಲಿ ಬೆಳಗಾಗುವುದೇ ಇಲ್ಲ.

“ಅವನ ದುಡಿಮೆ, ಅವನ ಬಿಡುವು, ನಿಮಗೇನು ನೋವು?” ಎನ್ನುವವರಿದ್ದಾರೆ. ಬಿಡುವು ಯಾರಿಗೂ ಪಾಪವಲ್ಲ. ದೂರವಾದ ಗೆಳೆಯರು ಅಲ್ಲಿ ಮತ್ತೆ ಸಿಗುತ್ತಾರೆ ಎಂಬುದೂ ನಿಜ, ಹೆಂಗಸರಲ್ಲೂ ಆಡುವವರುಂಟು. ಆದರೆ ಏನು ಸಿಗುತ್ತದೆಂದು ತಿಳಿಯದೆ ತೆರುವ ದುಡ್ಡು ಬಿಡುವಿನ ಖರ್ಚಲ್ಲ, ಪಣ. ಹೀಗೆಂದು ನಾನೊಬ್ಬಳೇ ಹೇಳುತ್ತಿಲ್ಲ. ಹಣ ತೆತ್ತು ತೆರೆಯುವ ಇಂಥ ಪೆಟ್ಟಿಗೆಗಳನ್ನು ಬೆಲ್ಜಿಯಂ ದೇಶ 2018ರಲ್ಲೇ ಜೂಜೆಂದು ಕರೆಯಿತು. 2022ರಲ್ಲಿ ‘ಡಯಾಬ್ಲೊ ಇಮ್ಮಾರ್ಟಲ್’ ಲೋಕಕ್ಕೆಲ್ಲ ಬಂದಾಗ ಅಲ್ಲಿಗೆ ಬರಲಿಲ್ಲ. ಇಂಥ ಆಟಗಳ ತವರುಗಳಲ್ಲೊಂದಾದ ದಕ್ಷಿಣ ಕೊರಿಯಾ, ಯಾವ ವಸ್ತು ಸಿಗುವ ಸಾಧ್ಯತೆ ನೂರಕ್ಕೆ ಎಷ್ಟು ಎಂದು ಬಹಿರಂಗಪಡಿಸಲೇಬೇಕೆಂಬ ಕಾನೂನನ್ನು 2024ರ ಮಾರ್ಚಿನಿಂದ ಜಾರಿಗೆ ತಂದಿತು.

ನಮ್ಮ ಸಂಸತ್ತು 2025ರ ಆಗಸ್ಟಿನಲ್ಲಿ ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆ ಮಾಡಿತು. ಸಂತೋಷ. ಆದರೆ ನಾನು ಹೇಳುತ್ತಿರುವ ಆಟಗಳಲ್ಲಿ ಗೆದ್ದವನಿಗೂ ಒಂದು ಕಾಸು ಮರಳುವುದಿಲ್ಲ. ‘ನಮ್ಮದು ಜೂಜಲ್ಲ’ ಎನ್ನಲು ಅದೇ ನೆಪವಾಗುತ್ತದೆ. ಮರಳಿ ಬರುವ ಆಸೆಯೂ ಇಲ್ಲದ ಪಣ ಜೂಜಿಗಿಂತ ವಾಸಿಯೇ? ಪೆಟ್ಟಿಗೆಯೊಳಗಿನ ಲೆಕ್ಕವನ್ನು ಕನ್ನಡದಲ್ಲಿ ತೋರಿಸಲಿ, ಬೆಲೆಯನ್ನು ರೂಪಾಯಿಯಲ್ಲೇ ಹೇಳಲಿ, ತಿಂಗಳಿಗೊಂದು ಮಿತಿ ಹಾಕಲಿ. ಸರಕಾರದಿಂದ ನಾವು ಕೇಳಬೇಕಾದ್ದು ಇಷ್ಟು.

ಮನೆಯೊಳಗೆ ಆಗಬೇಕಾದ್ದೂ ಇದೆ. ಫೋನಿನಿಂದ ಹೋದ ಹಣದ ಪಟ್ಟಿಯನ್ನು ತಿಂಗಳ ಕೊನೆಗೆ ಗಂಡಹೆಂಡಿರು ಕೂಡಿ ಕೂತು ನೋಡಿ. ಆಟಕ್ಕೆ ಇಷ್ಟೆಂದು ಅವರು ತೆಗೆದಿಟ್ಟರೆ ನಿಮ್ಮ ಸಂತೋಷಕ್ಕೂ ಅಷ್ಟೇ ತೆಗೆದಿಡಿ. ಸಾಸಿವೆ ಜೀರಿಗೆಗೂ ಲೆಕ್ಕ ಕೇಳುವ ಮನೆಯಲ್ಲಿ ಕೈಗೆ ಸಿಗದ ಕತ್ತಿಗೂ ಲೆಕ್ಕವಿರಲಿ.