ಕಾಲ್ಗುಣ

ನನ್ನ ಕಾಲ್ಗುಣ ಸರಿಯಿಲ್ಲವಂತೆ. ಎಲ್ಲ ವಿಷಯದಲ್ಲೂ ಅಲ್ಲ. ನಾನು ಈ ಮನೆಗೆ ಬಂದ ವರ್ಷವೇ ನಮ್ಮವರಿಗೆ ಬಡ್ತಿಯಾಯಿತು, ಹಿತ್ತಲಿನ ಮಾವಿನಮರ ಮೊದಲ ಸಲ ಕಾಯಿ ಬಿಟ್ಟಿತು. ಅತ್ತೆಯವರು ಅದನ್ನು ಮಲ್ಲೇಶ್ವರದ ಅರ್ಧ ಬೀದಿಗೆ ಹೇಳಿಕೊಂಡು ಬಂದಿದ್ದರು. ಕ್ರಿಕೆಟ್ಟಿನ ವಿಷಯದಲ್ಲಿ ಮಾತ್ರ ನನ್ನ ಕಾಲು ಕೆಟ್ಟದ್ದು. ನಾನು ನಡುಮನೆಗೆ ಬಂದರೆ ವಿಕೆಟ್ ಬೀಳುತ್ತದೆ!

ಈ ತೀರ್ಪು ಹೊರಬಿದ್ದದ್ದು 1983ರ ಜೂನ್ 25ರ ಶನಿವಾರ. ಲಾರ್ಡ್ಸ್‌ನಲ್ಲಿ ವಿಶ್ವಕಪ್ ಫೈನಲ್. ನಮ್ಮ ನಡುಮನೆಯಲ್ಲಿ ಟ್ರಾನ್ಸಿಸ್ಟರ್ ಸುತ್ತ ನಮ್ಮವರು, ಮೈದುನಂದಿರಿಬ್ಬರು, ಎದುರುಮನೆಯವರು, ಅವರ ಷಡ್ಡಕ. ಇಷ್ಟು ಜನ ಕೂತಮೇಲೆ ತಿನ್ನೋದಕ್ಕೆ ಏನಾದರೂ ಬೇಡವೇ? ನಾನು ಮೆಣಸಿನಕಾಯಿ ಬಜ್ಜಿಯ ತಟ್ಟೆ ಹಿಡಿದು ಹೊಸ್ತಿಲು ದಾಟಿದೆ. ಗವಾಸ್ಕರ್ ಔಟ್! ಎರಡೇ ರನ್ನು. ಎಲ್ಲರೂ ಒಂದು ಸಲ ನನ್ನ ಮುಖ ನೋಡಿದರು. ಬಜ್ಜಿಯನ್ನೇನೂ ಬಿಡಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಖಾಲಿ ತಟ್ಟೆ ತೆಗೆದುಕೊಂಡು ಹೋಗೋಣವೆಂದು ಬಂದೆ. ಚೆನ್ನಾಗಿ ಬಾರಿಸುತ್ತಿದ್ದ ಶ್ರೀಕಾಂತ್ 38ಕ್ಕೆ ಔಟ್. ಅಷ್ಟೇ ನೋಡಿ. ನಮ್ಮವರು ಎದ್ದು ನಿಂತು, “ನೋಡು, ನಿನ್ನ ದಮ್ಮಯ್ಯ ಅಂತೀನಿ, ಮ್ಯಾಚು ಮುಗಿಯೋವರೆಗೂ ಅಡಿಗೆಮನೆ ಬಿಟ್ಟು ಈಚೆ ಬರಬೇಡ” ಅಂದರು. ದೊಡ್ಡ ಮೈದುನ ಬಾಗಿಲು ಮುಂದೆ ಮಾಡಿದ.

ನಾನು ಒಳಗೇ ಇದ್ದೆ. ಹುಳಿಗೆ ಬೇಳೆ ಬೇಯಿಸಿದೆ, ಪಲ್ಯಕ್ಕೆ ಹೆಚ್ಚಿದೆ. ನಾನು ಒಳಗಿದ್ದಾಗಲೇ ಉಳಿದ ಎಂಟು ವಿಕೆಟ್ಟೂ ಬಿದ್ದು, 183ಕ್ಕೆಲ್ಲ ಮುಗಿಯಿತು. ಆ ಎಂಟರ ಲೆಕ್ಕ ಯಾರ ಕಾಲಿಗೆ ಬರೆದರೋ, ಇವತ್ತಿನವರೆಗೂ ನನಗೆ ಯಾರೂ ಹೇಳಿಲ್ಲ.

ರಾತ್ರಿ ವೆಸ್ಟ್ ಇಂಡೀಸ್ ಸರದಿ. ರಿಚರ್ಡ್ಸ್ ಬಂದು ಫೋರ್ ಮೇಲೆ ಫೋರ್ ಹೊಡೆಯತೊಡಗಿದ. ನಡುಮನೆಯಲ್ಲಿ ಸಾವಿನ ಮನೆಯ ಮೌನ. ಜಪಸರ ಹಿಡಿದು ಮೂಲೆಯಲ್ಲಿ ಕೂತಿದ್ದ ನಮ್ಮ ಅತ್ತೆಯವರು, ಕ್ರಿಕೆಟ್ಟಿನ ಗಂಧವಿಲ್ಲದವರು, ಆಗ ಬಾಯಿಬಿಟ್ಟರು: “ಅಲ್ರೋ ಪೆದ್ದುಮುಂಡೇವಾ, ಅವಳು ಬಂದರೆ ವಿಕೆಟ್ಟು ಬೀಳುತ್ತೆ ಅಂತೀರಿ. ಈಗ ಬೀಳಬೇಕಾದ್ದು ಆ ಕಡೆಯವರದ್ದು ತಾನೆ? ಹಾಗಿದ್ದಮೇಲೆ ಅವಳನ್ನ ಕರೀರೋ!”

ತರ್ಕವೆಂದರೆ ಇದು! ಒಳಗೆ ಹಪ್ಪಳ ಕರಿಯುತ್ತಿದ್ದ ನನ್ನನ್ನು ಜಾಲರಿಯ ಸಮೇತ ಕರೆತಂದು ನಿಲ್ಲಿಸಿದರು. ಮದನ್‌ಲಾಲ್ ಬೌಲಿಂಗ್. ರಿಚರ್ಡ್ಸ್ ಎತ್ತಿ ಹೊಡೆದ, ಕಪಿಲ್ ಹಿಂದಕ್ಕೆ ಓಡಿ ಓಡಿ ಹಿಡಿದ. ಮನೆ ಹಾರಿಹೋಗುವಂಥ ಕೂಗು. ಆಮೇಲೆ ಶುರುವಾಯಿತು ನನ್ನ ಕವಾಯತು. “ಒಳಗೆ ಹೋಗು, ಈಗ ಈಚೆ ಬಾ, ಮತ್ತೆ ಹೋಗು!” ಗೋಮ್ಸ್ ಹೋದ. ನಮ್ಮ ಬಿನ್ನಿಯ ಚೆಂಡಿಗೆ ಲಾಯ್ಡ್ ಹೋದ. ನಮ್ಮ ಕಿರ್ಮಾನಿ ಹಿಡಿದ ಕ್ಯಾಚಿಗೆ ಬ್ಯಾಕಸ್ ಹೋದ. ಡೂಜಾನ್ ಮತ್ತು ಮಾರ್ಷಲ್ ಗಟ್ಟಿಯಾಗಿ ನಿಂತುಬಿಟ್ಟಾಗ ನನಗೂ ಕಾಲು ಸೋತು ಹೊಸ್ತಿಲ ಮೇಲೆ ಕೂತೆ. “ಕೂತ್ಕೊಂಡಿದ್ದಾಳೆ, ಅದಕ್ಕೇ ಬೀಳ್ತಿಲ್ಲ!” ಎಂದು ಮತ್ತೆ ಎಬ್ಬಿಸಿದರು.

ನಡುರಾತ್ರಿ ಹೊತ್ತಿಗೆ 140ಕ್ಕೆ ಅವರ ಕಥೆ ಮುಗಿಯಿತು. ನಾವು 43 ರನ್ನಿನಿಂದ ಗೆದ್ದೆವು. ಆ ಪಂದ್ಯಾವಳಿಯಲ್ಲಿ ಎಲ್ಲರಿಗಿಂತ ಹೆಚ್ಚು ವಿಕೆಟ್, ಒಟ್ಟು 18, ತೆಗೆದವನು ನಮ್ಮ ರೋಜರ್ ಬಿನ್ನಿ ಎಂದು ಎದುರುಮನೆಯವರು ಎದೆಯುಬ್ಬಿಸಿದರು. ಎಲ್ಲರೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಬೀದಿಗೆ ಓಡಿದರು. ನಾನು ನಡುಮನೆಯಲ್ಲಿ ಬಿದ್ದಿದ್ದ ಹದಿನಾಲ್ಕು ಕಾಫಿ ಲೋಟ ಎತ್ತಿಕೊಂಡೆ. ನೀರಿಗೆ ಹಾಕುವಾಗ ಹೊಳೆಯಿತು: ವಿಶ್ವಕಪ್ಪಿನಲ್ಲಿ ನಾಲ್ಕು ವಿಕೆಟ್ ತೆಗೆದ ನಾನು, ಒಂದು ಓವರನ್ನಾದರೂ ಪೂರ್ತಿ ಕೂತು ಕೇಳಿರಲಿಲ್ಲ.

ಟ್ರಾನ್ಸಿಸ್ಟರ್ ಹೋಗಿ ಟಿವಿ ಬಂತು, ಅತ್ತೆಯವರು ಹೋದರು, ಮೈದುನಂದಿರು ಬೇರೆ ಮನೆ ಮಾಡಿದರು. ನನ್ನ ಕಾಲ್ಗುಣ ಮಾತ್ರ ಆಸ್ತಿಯ ಹಾಗೆ ಮಗನಿಗೆ ದಾಟಿತು. 2008ರಲ್ಲಿ ಐಪಿಎಲ್ ಶುರುವಾದ ಮೇಲೆ ಅವನದ್ದೂ ಅದೇ ರಾಗ: “ಅಮ್ಮ, ಆರ್‌ಸಿಬಿ ಬ್ಯಾಟಿಂಗು, ಸ್ವಲ್ಪ ಒಳಗಿರಮ್ಮ.” ಇದ್ದೆ. 2009, 2011, 2016, ಮೂರು ಫೈನಲ್ಲಿನಲ್ಲೂ ಒಳಗೇ ಇದ್ದೆ. ಮೂರರಲ್ಲೂ ಸೋತರು. ಹಾಗಂತ ಯಾರಾದರೂ ನನ್ನನ್ನು ಈಚೆಗೆ ಕರೆದರೆ? ಊಹೂಂ.

ಕರೆದವಳು ಮೊಮ್ಮಗಳು. ಹನ್ನೆರಡು ವರ್ಷದ ಹುಡುಗಿ, ಬೆಳಿಗ್ಗೆ ತನಗಿಂತ ದೊಡ್ಡದಾದ ಕಿಟ್ ಬ್ಯಾಗು ಹೊತ್ತು ಕ್ರಿಕೆಟ್ ಕಲಿಯಲು ಹೋಗುತ್ತಾಳೆ. 2024ರ ಮಾರ್ಚ್ 17ರ ಭಾನುವಾರ ರಾತ್ರಿ ದೆಹಲಿಯಲ್ಲಿ ಹೆಂಗಸರ ಪ್ರೀಮಿಯರ್ ಲೀಗ್ ಫೈನಲ್, ಆರ್‌ಸಿಬಿಗೂ ಡೆಲ್ಲಿಗೂ. “ಅಜ್ಜಿ, ನೀವು ಇಲ್ಲಿ ಕೂತ್ಕೊಳ್ಳಿ” ಎಂದು ಟಿವಿ ಎದುರಿಗೆ, ಅವಳ ತಾತನ ಆರಾಮಕುರ್ಚಿಯಲ್ಲೇ ನನ್ನನ್ನು ಕೂರಿಸಿದಳು. ನಮ್ಮವರಿಗೆ ಪ್ಲಾಸ್ಟಿಕ್ ಸ್ಟೂಲು.

ಡೆಲ್ಲಿಯವರು ಏಳು ಓವರಿಗೆ ವಿಕೆಟ್ಟೇ ಇಲ್ಲದೆ 64. ನಮ್ಮವರು ಮೆಲ್ಲಗೆ ಕೆಮ್ಮಿ, “ಅಲ್ವೇ, ನೀನೊಂದು ಸಲ ಒಳಗೆ ಹೋಗಿ ಬರಬಾರದೆ? ಹಾಗೇ ಕಾಫಿನೂ...” ಅಂದರು. ನಾನು ಅಭ್ಯಾಸಬಲದಿಂದ ಎದ್ದೂ ಬಿಟ್ಟಿದ್ದೆ. ಮೊಮ್ಮಗಳು ಸೆರಗು ಹಿಡಿದು ಕೂರಿಸಿದಳು. “ತಾತ, ಅಜ್ಜಿ ಮ್ಯಾಚು ನೋಡ್ತಿದ್ದಾರೆ. ಕಾಫಿ ಬೇಕಾದರೆ ನೀವೇ ಮಾಡ್ಕೊಂಡು ಬನ್ನಿ.”

ಅವರು ಹೋದರು. ಡಿಕಾಕ್ಷನ್ ಎಲ್ಲಿದೆ, ಸಕ್ಕರೆ ಯಾವ ಡಬ್ಬಿ ಎಂದು ಒಳಗಿನಿಂದ ಕೇಳುತ್ತಿದ್ದಂತೆಯೇ ಸೋಫಿ ಮೊಲಿನೊ ಒಂದೇ ಓವರಿನಲ್ಲಿ ಮೂರು ವಿಕೆಟ್ ತೆಗೆದಳು! ನಾವಿಬ್ಬರೂ ಕೂಗಿದ ಕೂಗಿಗೆ ಒಳಗೆ ಏನೋ ಬಿದ್ದ ಸದ್ದಾಯಿತು. ಅವರು ಸೌಟು ಹಿಡಿದು ಓಡಿಬಂದು, “ಏನಾಯ್ತು? ಏನಾಯ್ತು?” ಅಂದರು. “ತಾತ, ಒಳಗೇ ಇರಿ! ನೀವು ಹೋದಮೇಲೇ ಬಿದ್ದದ್ದು!” ಎಂದಳು ಹುಡುಗಿ.

ಆಮೇಲೆ ನಮ್ಮ ಕನ್ನಡದ ಹುಡುಗಿ ಶ್ರೇಯಾಂಕಾ ಪಾಟೀಲ್ ಹನ್ನೆರಡೇ ರನ್ನಿಗೆ ನಾಲ್ಕು ವಿಕೆಟ್ ಎಗರಿಸಿದಳು. ಡೆಲ್ಲಿ 113ಕ್ಕೆ ಆಲ್ ಔಟ್. ಎಂಟು ವಿಕೆಟ್ಟಿನಿಂದ ಗೆದ್ದು ಆರ್‌ಸಿಬಿಗೆ ಮೊದಲ ಕಪ್ಪು ತಂದವರು ಹೆಂಗಸರು. ಗಂಡಸರ ತಂಡ ಗೆದ್ದದ್ದು ಅದರ ಮರುವರ್ಷ.

ಅವತ್ತು ರಾತ್ರಿ ದೀಪ ಆರಿಸಿದ ಮೇಲೆ ನಮ್ಮವರು ಹೇಳಿದರು: “ಒಳಗೆ ನಿಂತರೆ ಬರೀ ಕೂಗು ಕೇಳಿಸುತ್ತೆ ಕಣೇ. ಏನಾಯ್ತು ಅಂತಲೇ ಗೊತ್ತಾಗೋಲ್ಲ.”

ನಾನು “ಹೂಂ” ಅಂದೆ. ಇನ್ನೇನು ಹೇಳಲಿ? ನಲವತ್ತು ವರ್ಷದ ಮಾತನ್ನು ಅವರು ಒಂದೇ ವಾಕ್ಯದಲ್ಲಿ ಮುಗಿಸಿಬಿಟ್ಟಿದ್ದರು.

ನಗುವ ಕಥೆ ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ 2025ರ ನವೆಂಬರ್ 2ರಂದು ನವಿ ಮುಂಬೈಯಲ್ಲಿ ನಮ್ಮ ಹೆಣ್ಣುಮಕ್ಕಳು ದಕ್ಷಿಣ ಆಫ್ರಿಕಾವನ್ನು 52 ರನ್ನಿನಿಂದ ಸೋಲಿಸಿ ವಿಶ್ವಕಪ್ ಎತ್ತಿದರಲ್ಲ, ಅವತ್ತು ಮೊಮ್ಮಗಳು ಕೇಳಿದಳು: “ಅಜ್ಜಿ, ನಿಮ್ಮ ಕಾಲದಲ್ಲಿ ಹುಡುಗಿಯರು ಕ್ರಿಕೆಟ್ ಆಡ್ತಿದ್ರಾ?” ನಾನು ದೊಡ್ಡ ತಿಳಿದವಳ ಹಾಗೆ, “ಎಲ್ಲಿಂದ ಬರಬೇಕು? ನಾವು ಕುಂಟೆಬಿಲ್ಲೆ, ಚೌಕಾಬಾರ, ಅಷ್ಟೇ” ಅಂದೆ. ಅವಳು ಮೊಬೈಲು ತೀಡಿ ನೋಡಿ, “ಆಡ್ತಿದ್ರು ಅಜ್ಜಿ” ಅಂದಳು.

ಭಾರತದ ಹೆಂಗಸರು ತಮ್ಮ ಮೊಟ್ಟಮೊದಲ ಟೆಸ್ಟ್ ಪಂದ್ಯ ಶುರುಮಾಡಿದ್ದು 1976ರ ಅಕ್ಟೋಬರ್ 31ರಂದು, ಅದೂ ವೆಸ್ಟ್ ಇಂಡೀಸ್ ಮೇಲೆ. ಎಲ್ಲಿ ಅಂತೀರಿ? ನಮ್ಮ ಬೆಂಗಳೂರಿನಲ್ಲೇ! ನಾಯಕಿ ನಮ್ಮೂರಿನ ಶಾಂತಾ ರಂಗಸ್ವಾಮಿ. ಅದೇ ಸರಣಿಯಲ್ಲಿ ಪಟ್ನಾದಲ್ಲಿ ಗೆದ್ದೂ ಬಿಟ್ಟರು. ಕಪಿಲ್ ಕಪ್ಪು ಎತ್ತುವುದಕ್ಕೆ ಏಳು ವರ್ಷ ಮೊದಲು.

ಅವತ್ತು ಭಾನುವಾರ. ನಾನು ಮದುವೆಯಾಗಿ ಬಂದ ಹೊಸತು, ಇದೇ ಮಲ್ಲೇಶ್ವರದಲ್ಲಿ ಒರಳುಕಲ್ಲಿನ ಮುಂದೆ ಕೂತು ಇಡ್ಲಿಗೆ ರುಬ್ಬುತ್ತಿದ್ದಿರಬೇಕು. ಆಟ ನಡೆದದ್ದು ಒಂದು ಬಸ್ಸಿನ ದೂರದಲ್ಲಿ. ಗೊತ್ತಾಗಿದ್ದರೆ ಹೋಗುತ್ತಿದ್ದೆನೇ? ಅತ್ತೆಯವರು ಕಳಿಸುತ್ತಿದ್ದರೇ? ಅದು ಬೇರೆ ಮಾತು. ನನ್ನ ಹಾಗೇ ಎರಡು ಜಡೆ ಹಾಕಿಕೊಂಡು ಬೆಳೆದಿರಬಹುದಾದ ಹುಡುಗಿಯರು ಅಲ್ಲಿ ಓಡಿ ಬಂದು ಬೌಲ್ ಮಾಡುತ್ತಿದ್ದರೆಂಬುದು ನನಗೆ ತಿಳಿಯಲು 49 ವರ್ಷ ಬೇಕಾಯಿತಲ್ಲ, ಅದು ಮಾತ್ರ ಹೊಟ್ಟೆಯಲ್ಲಿ ಕೂತುಬಿಟ್ಟಿದೆ. ಒಳಗೆ ಕೂತವರಿಗೆ ಕೂಗು ಮಾತ್ರ ಕೇಳಿಸುತ್ತದೆ ಅಂದೆನಲ್ಲ, ಈ ಆಟಕ್ಕೆ ನಮ್ಮ ಮನೆಯಲ್ಲಿ ಕೂಗುವವರೂ ಇರಲಿಲ್ಲ.

ಆದ್ದರಿಂದ ಸೋದರಿಯರೇ, ಮುಂದಿನ ಮ್ಯಾಚಿಗೆ ನನ್ನದೊಂದು ಸಲಹೆ. ಬಜ್ಜಿ, ಬೋಂಡದ ಸಹವಾಸ ಬಿಡಿ. ಅವು ಬಿಸಿಯಾಗಿಯೇ ಬೇಕು, ಬಾಣಲೆ ಬಿಟ್ಟು ಏಳುವ ಹಾಗಿಲ್ಲ. ಬೆಳಿಗ್ಗೆಯೇ ಕಾಲು ಕೆಜಿ ತೆಳು ಅವಲಕ್ಕಿಯನ್ನು ಬಿಸಿಲಿಗಿಟ್ಟು ಗರಿಗರಿ ಮಾಡಿಕೊಳ್ಳಿ. ನಾಲ್ಕು ಚಮಚ ಎಣ್ಣೆಗೆ ಸಾಸಿವೆ, ಕಡಲೆಕಾಯಿಬೀಜ, ಹುರಿಗಡಲೆ, ಕೊಬ್ಬರಿ ಚೂರು, ಒಣಮೆಣಸಿನಕಾಯಿ, ಕರಿಬೇವು, ಇಂಗು, ಅರಿಶಿನ. ಸಣ್ಣ ಉರಿಯಲ್ಲಿ ಅವಲಕ್ಕಿ ಹಾಕಿ, ಉಪ್ಪು, ಚಿಟಿಕೆ ಸಕ್ಕರೆ ಉದುರಿಸಿ ಕೈಯಾಡಿಸಿ. ಆರಿದ ಮೇಲೆ ಡಬ್ಬಿಗೆ ತುಂಬಿ, ಡಬ್ಬಿಯನ್ನು ನಡುಮನೆಯಲ್ಲೇ ಇಡಿ. ಫ್ಲಾಸ್ಕಿನಲ್ಲಿ ಕಾಫಿ. ಟಾಸ್ ಹಾಕುವ ಮೊದಲು ಇಷ್ಟು ಮುಗಿಸಿ, ಒಳ್ಳೆಯ ಕುರ್ಚಿ ನೋಡಿ ಕೂತುಬಿಡಿ.

ವಿಕೆಟ್ ಬಿದ್ದರೆ ಬೀಳಲಿ. ನಮ್ಮ ಮನೆಯಲ್ಲಿ ಈಗ ಕಾಲ್ಗುಣದ ಮಾತು ಎತ್ತಿದವರೇ ಲೋಟ ತೊಳೆಯಬೇಕೆಂದು ಮೊಮ್ಮಗಳು ಕಾನೂನು ಮಾಡಿದ್ದಾಳೆ. ಹೋದವಾರ ಎರಡು ಸಲ ನಮ್ಮವರೇ ತೊಳೆದರು.