ಮೊಡವೆಗೆ ಬೆಳಕು: ರೋಗಿಯ ಮಾತನ್ನು ಎಣಿಸಿದವರು ಯಾರು?

ಮೊಡವೆ ಎಂದರೆ ಈಗ ಮುಲಾಮಿಗಿಂತ ಮೊದಲು ಬೆಳಕಿನ ಮಾತು ಬರುತ್ತದೆ. ನೀಲಿ ಬೆಳಕು, ಕೆಂಪು ಬೆಳಕು, ಲೇಸರ್, ಮನೆಯಲ್ಲೇ ಹಾಕಿಕೊಳ್ಳುವ ಎಲ್‌ಇಡಿ ಮಾಸ್ಕ್ – ಸ್ಕಿನ್ ಕ್ಲಿನಿಕ್‌ಗಳ ಫಲಕದಲ್ಲೂ ಆನ್‌ಲೈನ್ ಮಳಿಗೆಗಳಲ್ಲೂ ಇವುಗಳದ್ದೇ ಭರಾಟೆ. ಇಷ್ಟು ದುಡ್ಡು ಸುರಿಯುವುದಕ್ಕೆ ಆಧಾರವೇನು ಎಂದು ಕೇಳಿದರೆ ಸಿದ್ಧ ಉತ್ತರವೊಂದಿದೆ: ‘ಪ್ರಯೋಗ, ಅಂಕಿಅಂಶ ಎಂದು ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ, ಮಾಡಿಸಿಕೊಂಡವರನ್ನೇ ಕೇಳಿ’. ಜಾಹೀರಾತಿನಲ್ಲಿ ಮಾತ್ರವಲ್ಲ, ಆರೋಗ್ಯ ಪುಟಗಳ ಬರಹಗಳಲ್ಲೂ ಈ ವಾದ ಗಂಭೀರ ಮುಖ ಹೊತ್ತು ಬರತೊಡಗಿದೆ. ಮಾಡಿಸಿಕೊಂಡವರನ್ನು ಕೇಳಬೇಕು ಎಂಬುದನ್ನು ನಾನು ಪೂರ್ತಿ ಒಪ್ಪುತ್ತೇನೆ. ತಕರಾರು ಇರುವುದು ಬೇರೆ ಕಡೆ. ಸರಿಯಾದ ಕ್ರಮದಲ್ಲಿ ಅವರನ್ನು ಕೇಳಿದವರೇ ಅಪರೂಪ, ಕೇಳಿದ ಕಡೆ ಬಂದ ಉತ್ತರ ಮಾರುವವರಿಗೆ ಹಿತವಾಗಿಲ್ಲ. ಸದ್ಯ ಕೈಯಲ್ಲಿರುವ ಪುರಾವೆಯ ಮೇಲೆ ಹೇಳುವುದಾದರೆ, ಮೊಡವೆಗೆ ಮೊದಲ ಚಿಕಿತ್ಸೆಯಾಗಿ ಬೆಳಕನ್ನು ಪ್ಯಾಕೇಜ್ ಲೆಕ್ಕದಲ್ಲಿ ಮಾರುವುದು ಸಮರ್ಥನೀಯವಲ್ಲ.

ಈ ಚರ್ಚೆಯಲ್ಲಿ ಎಲ್ಲರೂ ದಾಟಿಕೊಂಡು ಹೋಗುವ ಸಂಖ್ಯೆಯೊಂದಿದೆ: 31. ಮೊಡವೆಯ ಬೆಳಕು ಚಿಕಿತ್ಸೆಗಳ ಬಗ್ಗೆ ಅಲ್ಲಿಯವರೆಗೆ ನಡೆದ ಪ್ರಯೋಗಗಳನ್ನೆಲ್ಲ ಜಾಲಾಡಿದ, ವೈದ್ಯಕೀಯ ಪುರಾವೆಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆಯ ಪರಾಮರ್ಶೆ 2016ರಲ್ಲಿ ಪ್ರಕಟವಾಯಿತು. 71 ಪ್ರಯೋಗಗಳು, 4211 ರೋಗಿಗಳು. ಬೆಳಕಿನ ಪರ ಮಾತನಾಡುವವರು ಹಿಡಿದುಕೊಳ್ಳುವುದು ಈ 4211ನ್ನು. ಕೇಳಲು ಅದು ದೊಡ್ಡದಾಗಿಯೇ ಇದೆ. ಆದರೆ ಪ್ರಯೋಗಗಳನ್ನು ಗಾತ್ರದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಲ್ಲುವ ಪ್ರಯೋಗದಲ್ಲಿದ್ದವರು 31 ಜನ. ಅಂದರೆ ಅರ್ಧದಷ್ಟು ಪ್ರಯೋಗಗಳು ಅಷ್ಟೇ ಜನರನ್ನೋ ಅದಕ್ಕಿಂತ ಕಡಿಮೆ ಜನರನ್ನೋ ಇಟ್ಟುಕೊಂಡು ತೀರ್ಪು ಕೊಟ್ಟಿವೆ. 31 ಜನರನ್ನು ಎರಡು ಗುಂಪು ಮಾಡಿದರೆ ಒಂದೊಂದರಲ್ಲಿ ಹದಿನೈದು, ಹದಿನಾರು. ನಡುವೆ ಮೂವರು ಬರುವುದನ್ನು ನಿಲ್ಲಿಸಿದರೂ, ಇಬ್ಬರಿಗೆ ಪರೀಕ್ಷೆ ಮುಗಿದ ಮೇಲೆ ತಾನಾಗಿ ಮೊಡವೆ ಇಳಿದರೂ ಫಲಿತಾಂಶ ಆಚೀಚೆಯಾಗಿಬಿಡುತ್ತದೆ. ಹೋಗಲಿ, ಈ ಸಣ್ಣ ಪ್ರಯೋಗಗಳನ್ನು ಕೂಡಿಸಿ ದೊಡ್ಡದು ಮಾಡೋಣವೆಂದರೆ ಅದಕ್ಕೂ ದಾರಿಯಿಲ್ಲ. ಒಂದು ಕಡೆ ಒಂದೇ ಸಿಟ್ಟಿಂಗ್, ಇನ್ನೊಂದು ಕಡೆ 112. ಒಬ್ಬರು ದಿನಕ್ಕೆರಡು ಸಲ ಬೆಳಕು ಹಾಯಿಸಿದರೆ ಇನ್ನೊಬ್ಬರು ತಿಂಗಳಿಗೊಮ್ಮೆ. ಬೆಳಕಿನ ತರಂಗಾಂತರ ಬೇರೆ, ಪ್ರಮಾಣ ಬೇರೆ, ಜೊತೆಗೆ ಹಚ್ಚಿದ ಔಷಧ ಬೇರೆ. ಮೂರರಲ್ಲಿ ಎರಡು ಪಾಲು ಪ್ರಯೋಗಗಳಿಗೆ ಹಣ ಕೊಟ್ಟದ್ದು ಉದ್ಯಮ. ‘ಬೆಳಕು ಚಿಕಿತ್ಸೆ’ ಎಂಬ ಒಂದೇ ಹೆಸರಿನಡಿ ಇಷ್ಟು ಬಗೆಯ ಸರಕನ್ನು ತುಂಬಿಟ್ಟು, ಒಂದರ ಫಲಿತಾಂಶವನ್ನು ಇನ್ನೊಂದರ ಜಾಹೀರಾತಿಗೆ ಬಳಸಲಾಗುತ್ತಿದೆ.

ಈಗ ರೋಗಿಯ ಮಾತಿಗೆ ಬರೋಣ. ಕಾಕ್ರೇನ್ ತಂಡ ತನ್ನ ಮುಖ್ಯ ಮಾನದಂಡಗಳಲ್ಲಿ ಒಂದಾಗಿ ಇಟ್ಟುಕೊಂಡದ್ದು ವೈದ್ಯರು ಎಣಿಸಿದ ಗುಳ್ಳೆಗಳನ್ನಲ್ಲ, ತನಗೆ ಎಷ್ಟು ವಾಸಿಯಾಗಿದೆ ಎಂದು ರೋಗಿಯೇ ಒಟ್ಟಾರೆಯಾಗಿ ಹೇಳುವ ಮಾತನ್ನು. 71 ಪ್ರಯೋಗಗಳ ರಾಶಿಯಿಂದ ಈ ವಿಚಾರದಲ್ಲಿ ಪರಾಮರ್ಶೆಯ ಸಾರಾಂಶಕ್ಕೆ ಆಧಾರವಾಗಿ ನಿಂತದ್ದು ಎರಡೇ ಪ್ರಯೋಗ. ಅವುಗಳಲ್ಲಿ ದೊಡ್ಡದರಲ್ಲಿ 266 ಜನರಿದ್ದರು. ಒಂದು ಗುಂಪಿಗೆ ಶೇ 20ರ ಅಮೈನೊಲೆವುಲಿನಿಕ್ ಆಮ್ಲ ಹಚ್ಚಿ ನೀಲಿ ಬೆಳಕು ಕೊಟ್ಟರು, ಇನ್ನೊಂದು ಗುಂಪಿಗೆ ಔಷಧವಿಲ್ಲದ ದ್ರಾವಣ ಹಚ್ಚಿ ಅದೇ ಬೆಳಕು. ರೋಗಿಗಳ ಅಭಿಪ್ರಾಯದಲ್ಲಿ ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹಾಗೆಂದು ಇದರಿಂದ ನೀಲಿ ಬೆಳಕೇ ವ್ಯರ್ಥ ಎಂದು ಹೇಳಲು ಬರುವುದಿಲ್ಲ, ಏಕೆಂದರೆ ಎರಡೂ ಗುಂಪಿನ ಮೇಲೆ ಬೆಳಕು ಬಿದ್ದಿತ್ತು. ಹೇಳಬಹುದಾದದ್ದು ಇಷ್ಟು: ಬಿಲ್ಲಿನ ತೂಕ ಹೆಚ್ಚಿಸುವ, ಉರಿ ತರುವ, ಆಮೇಲೆ ಬಿಸಿಲಿಗೆ ಹೋಗದಂತೆ ಕಟ್ಟಿಹಾಕುವ ಆ ಔಷಧದಿಂದ ತಮಗೆ ಹೆಚ್ಚಿನ ಲಾಭವಾಯಿತೆಂದು ಅದನ್ನು ಹಚ್ಚಿಸಿಕೊಂಡವರಿಗೇ ಅನಿಸಿಲ್ಲ. ಅನುಭವದ ಹೆಸರಿನಲ್ಲೇ ವ್ಯಾಪಾರ ನಡೆಸುವ ಕ್ಷೇತ್ರವೊಂದು ಅನುಭವವನ್ನು ಅಳೆಯಲು ಇಷ್ಟು ಜಿಪುಣತನ ತೋರಿಸಿರುವುದು ಆಕಸ್ಮಿಕ ಎಂದು ನನಗೆ ಅನಿಸುವುದಿಲ್ಲ.

ಅಳೆಯದೆ ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಇಪ್ಪತ್ತು ವರ್ಷ ಹಿಂದಿನ ಪ್ರಸಂಗವೊಂದು ಸಾಕು. 2003ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪಲ್ಸ್ಡ್ ಡೈ ಲೇಸರ್ ಕುರಿತ ಪ್ರಯೋಗ ಪ್ರಕಟವಾಯಿತು. ಒಟ್ಟು 41 ಜನ. 31 ಮಂದಿಗೆ ಲೇಸರ್, ಹತ್ತು ಮಂದಿಗೆ ತೋರಿಕೆಯ ಚಿಕಿತ್ಸೆ. ಒಂದೇ ಸಿಟ್ಟಿಂಗ್‌ನ ನಂತರ 12 ವಾರಕ್ಕೆ ಉರಿಯೂತದ ಗುಳ್ಳೆಗಳು ಲೇಸರ್ ಗುಂಪಿನಲ್ಲಿ ಶೇ 49ರಷ್ಟು ಇಳಿದವು, ಇನ್ನೊಂದರಲ್ಲಿ ಶೇ 10ರಷ್ಟು. ಸುದ್ದಿ ಎಲ್ಲೆಡೆ ಹಬ್ಬಿತು. ಮರುವರ್ಷವೇ ಅಮೆರಿಕದ ಮಿಷಿಗನ್‌ನ ಸಂಶೋಧಕರು ‘ಜಾಮಾ’ ವೈದ್ಯಕೀಯ ಪತ್ರಿಕೆಯಲ್ಲಿ 40 ರೋಗಿಗಳ ಪ್ರಯೋಗ ಪ್ರಕಟಿಸಿದರು. ಅವರು ಮಾಡಿದ ಉಪಾಯ ಸರಳ: ಮುಖದ ಅರ್ಧ ಭಾಗಕ್ಕೆ ಲೇಸರ್, ಉಳಿದರ್ಧಕ್ಕೆ ಏನೂ ಇಲ್ಲ. ಅದೇ ವ್ಯಕ್ತಿ, ಅದೇ ಹಾರ್ಮೋನು, ಅದೇ ಊಟ, ಅದೇ ಪರೀಕ್ಷೆಯ ಚಿಂತೆ. 12 ವಾರದ ಕೊನೆಗೆ ಎರಡೂ ಕೆನ್ನೆಗಳ ನಡುವೆ ಗಣನೀಯ ವ್ಯತ್ಯಾಸ ಸಿಗಲಿಲ್ಲ. ಆ 40 ಮಂದಿಗೂ ಇಡೀ ಮುಖಕ್ಕೆ ಲೇಸರ್ ಹಾಯಿಸಿ ಕಳಿಸಿದ್ದರೆ, ಮೊಡವೆ ಇಳಿದವರೆಲ್ಲ ‘ಲೇಸರ್‌ನಿಂದಲೇ ವಾಸಿಯಾಯಿತು’ ಎಂದು ಪ್ರಾಮಾಣಿಕವಾಗಿಯೇ ಹೇಳುತ್ತಿದ್ದರು. ಅವರು ಸುಳ್ಳುಗಾರರಲ್ಲ. ಮೊಡವೆಯ ಸ್ವಭಾವವೇ ಏರಿ ಇಳಿಯುವುದು. ಜನ ಕ್ಲಿನಿಕ್ ಮೆಟ್ಟಿಲು ಹತ್ತುವುದು ಅದು ಉಲ್ಬಣಿಸಿದಾಗ. ಅಲ್ಲಿಂದ ಮುಂದೆ ಬಹುಪಾಲು ಇಳಿಜಾರೇ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದರೆ ಕಾಗೆಗೆ ಶುಲ್ಕ ಕಟ್ಟುವಂತಾಗುತ್ತದೆ. ಇದರ ಮೇಲೆ, ಬೆಳಕು ಕೊಡುವ ಕ್ಲಿನಿಕ್‌ಗಳಲ್ಲಿ ಜೊತೆಗೆ ಹಚ್ಚಲು ಮುಲಾಮನ್ನೋ ನುಂಗಲು ಮಾತ್ರೆಯನ್ನೋ ಕೊಡುವುದು ಸಾಮಾನ್ಯ. ಕೀರ್ತಿ ಮಾತ್ರ ದೀಪಕ್ಕೆ.

ಬೆಳಕಿನ ಪರವಾಗಿ ಒಳ್ಳೆಯ ಪುರಾವೆಯೇ ಇಲ್ಲವೇ? ಇದೆ. 2000ದಲ್ಲಿ ‘ಬ್ರಿಟಿಷ್ ಜರ್ನಲ್ ಆಫ್ ಡರ್ಮಟಾಲಜಿ’ಯಲ್ಲಿ ಬಂದ 107 ರೋಗಿಗಳ ಪ್ರಯೋಗವನ್ನು ಯಾರೂ ತಳ್ಳಿಹಾಕುವಂತಿಲ್ಲ. 415 ನ್ಯಾನೊಮೀಟರ್‌ನ ನೀಲಿ, 660ರ ಕೆಂಪು, ಎರಡನ್ನೂ ಕೂಡಿಸಿ ಕೊಟ್ಟ ಗುಂಪಿನಲ್ಲಿ ಉರಿಯೂತದ ಗುಳ್ಳೆಗಳು 12 ವಾರಕ್ಕೆ ಸರಾಸರಿ ಶೇ 76ರಷ್ಟು ಸುಧಾರಿಸಿದವು. ಬೆಂಜಾಯಿಲ್ ಪೆರಾಕ್ಸೈಡ್ ಮುಲಾಮು ಹಚ್ಚಿದವರಿಗಿಂತಲೂ ಇದು ಮೇಲು. ಕಾರಣವೂ ಗೊತ್ತಿರುವುದೇ: ಮೊಡವೆಯ ಬ್ಯಾಕ್ಟೀರಿಯಾ ತಯಾರಿಸುವ ಪೋರ್ಫೈರಿನ್ ನೀಲಿ ಬೆಳಕನ್ನು ಹೀರಿ, ಆ ಬ್ಯಾಕ್ಟೀರಿಯಾವನ್ನೇ ಕೊಲ್ಲುವ ಕ್ರಿಯಾಶೀಲ ಆಮ್ಲಜನಕವನ್ನು ಹುಟ್ಟಿಸುತ್ತದೆ. ಈ ಪ್ರಯೋಗವನ್ನು ಉಲ್ಲೇಖಿಸುವವರು ಹೇಳದೆ ಬಿಡುವ ವಿಷಯ, ಅಲ್ಲಿ ಬೆಳಕು ಕೊಟ್ಟದ್ದು ಪ್ರತಿದಿನ, 15 ನಿಮಿಷ, 12 ವಾರ ಎಂಬುದು. ಕೂಡಿದರೆ 21 ಗಂಟೆ. ವಾರಕ್ಕೊಂದರಂತೆ ನಾಲ್ಕೋ ಆರೋ ಸಿಟ್ಟಿಂಗ್‌ನ ಪ್ಯಾಕೇಜ್ ಮಾರುವವರು ಈ ಶೇ 76ನ್ನು ತಮ್ಮ ಗೋಡೆಗೆ ಅಂಟಿಸಿಕೊಳ್ಳುವ ಹಕ್ಕು ಎಲ್ಲಿಂದ ಬಂತು? ಮಾತ್ರೆಯ ಪ್ರಮಾಣವನ್ನು ಹೀಗೆ ಬದಲಿಸಿ ಹಳೆಯ ಫಲಿತಾಂಶ ತೋರಿಸಿದರೆ ಯಾರೂ ಸುಮ್ಮನಿರುತ್ತಿರಲಿಲ್ಲ. ಬೆಳಕಿನ ವಿಷಯದಲ್ಲಿ ಮಾತ್ರ ಪ್ರಮಾಣ ಎಂಬುದೇ ಇಲ್ಲದಂತೆ ಮಾತು ಸಾಗುತ್ತದೆ.

ಹಳೆಯ ಯಂತ್ರಗಳನ್ನು ಹಿಡಿದು ಹೊಸದನ್ನು ಅಳೆಯಬಾರದು ಎಂಬುದು ಮತ್ತೊಂದು ಆಕ್ಷೇಪ. 1726 ನ್ಯಾನೊಮೀಟರ್ ಲೇಸರ್ ನೇರವಾಗಿ ಎಣ್ಣೆ ಗ್ರಂಥಿಯನ್ನೇ ಗುರಿಯಾಗಿಸುತ್ತದೆ. ನೀರಿಗಿಂತ ಚರ್ಮದ ಎಣ್ಣೆ ಆ ಬೆಳಕನ್ನು ಹೆಚ್ಚು ಹೀರುತ್ತದೆ ಎಂಬ ತರ್ಕ ಗಟ್ಟಿಯಾಗಿದೆ. ಈ ಲೇಸರ್ ಬಳಸುವ ಏವಿಕ್ಲಿಯರ್ ಎಂಬ ಯಂತ್ರಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2022ರ ಮಾರ್ಚ್‌ನಲ್ಲಿ ಅನುಮತಿ ಕೊಟ್ಟಿತು. 104 ರೋಗಿಗಳಲ್ಲಿ ಮೂರು ಸಿಟ್ಟಿಂಗ್ ಮುಗಿದು 12 ವಾರಕ್ಕೆ ಶೇ 79.8 ಮಂದಿಗೆ ಉರಿಯೂತದ ಮೊಡವೆ ಅರ್ಧ ಅಥವಾ ಅದಕ್ಕಿಂತ ಹೆಚ್ಚು ಇಳಿಯಿತು ಎಂಬ ಅಂಕಿ ಪ್ರಕಟವಾಗಿದೆ. ಈವರೆಗಿನ ಬೆಳಕುಗಳಲ್ಲಿ ನನಗೆ ಭರವಸೆ ಇರುವುದು ಇದೊಂದರ ಮೇಲೆಯೇ. ಆದರೂ ಆ ಪ್ರಯೋಗದಲ್ಲಿ ಹೋಲಿಕೆಗೆಂದು ಇನ್ನೊಂದು ಗುಂಪೇ ಇರಲಿಲ್ಲ. ಏನು ಕೊಡುತ್ತಿದ್ದೇವೆ ಎಂಬುದು ಎಲ್ಲರಿಗೂ ಗೊತ್ತಿತ್ತು. 2003ರಿಂದ 2004ಕ್ಕೆ ಏನಾಯಿತು ಎಂದು ಬಲ್ಲವರು ಇನ್ನೊಂದು ಕೆನ್ನೆಯ ಫಲಿತಾಂಶ ಬರುವವರೆಗೆ ತಡೆಯಬೇಕು. ಅಂದ ಹಾಗೆ, ಈ ಯಂತ್ರ ತಯಾರಿಸಿದ ಕ್ಯುಟೆರಾ ಕಂಪನಿ 2025ರ ಮಾರ್ಚ್‌ನಲ್ಲಿ ದಿವಾಳಿ ರಕ್ಷಣೆ ಕೋರಿ ಅರ್ಜಿ ಹಾಕಿತು. ಯಂತ್ರ ಕೆಲಸ ಮಾಡುತ್ತದೋ ಇಲ್ಲವೋ ಎಂಬುದಕ್ಕೆ ಅದು ಸಾಕ್ಷಿಯಲ್ಲ. ‘ಜಗತ್ತೇ ಇದರ ಹಿಂದೆ ಓಡುತ್ತಿದೆ’ ಎಂಬ ಮಾರಾಟದ ಮಾತಿಗೆ ಮಾತ್ರ ಉತ್ತರ.

ಮಾತ್ರೆಗಳೇನು ನಿರಪಾಯಕಾರಿಯೇ ಎಂಬ ಪ್ರಶ್ನೆ ನ್ಯಾಯವಾದದ್ದು. ತೀವ್ರ ಮೊಡವೆಗೆ ನುಂಗುವ ಐಸೊಟ್ರೆಟಿನಾಯಿನ್ ಗರ್ಭಿಣಿಯರಿಗೆ ಕೂಡದು, ಭ್ರೂಣಕ್ಕೆ ತೀವ್ರ ಅಪಾಯ. ತಿಂಗಳುಗಟ್ಟಲೆ ಆ್ಯಂಟಿಬಯಾಟಿಕ್ ನುಂಗುವುದೂ ಒಳ್ಳೆಯದಲ್ಲ. ಇಂಥ ಔಷಧ ಒಗ್ಗದವರಿಗೆ, ಕೊಡಲಾಗದವರಿಗೆ ಬೇರೆ ದಾರಿ ಬೇಕೇ ಬೇಕು. ಬ್ರಿಟನ್ನಿನ ನೈಸ್ ಸಂಸ್ಥೆ 2021ರ ಮಾರ್ಗಸೂಚಿಯಲ್ಲಿ ಹೇಳಿದ್ದೂ ಇದನ್ನೇ: 18 ದಾಟಿದವರಲ್ಲಿ ಮಧ್ಯಮದಿಂದ ತೀವ್ರ ಮೊಡವೆ ಇದ್ದು, ಉಳಿದ ಚಿಕಿತ್ಸೆಗಳು ಫಲಿಸದಿದ್ದರೆ ಅಥವಾ ಕೊಡಲಾಗದಿದ್ದರೆ, ಔಷಧ ಹಚ್ಚಿ ಬೆಳಕು ಕೊಡುವ ಫೋಟೊಡೈನಾಮಿಕ್ ವಿಧಾನವನ್ನು ಪರಿಗಣಿಸಬಹುದು. ಕೊನೆಯ ಸಾಲಿನಲ್ಲಿ ಅದಕ್ಕೆ ಜಾಗ, ಮೊದಲ ಸಾಲಿನಲ್ಲಲ್ಲ. ಆ ಕೊನೆಯ ಸಾಲಿನ ಅನುಭವವೂ ಸುಖದ್ದಲ್ಲ. ಡೆನ್ಮಾರ್ಕ್‌ನ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಉರಿಯೂತದ ಮೊಡವೆ ಶೇ 68ರಷ್ಟು ಇಳಿಯಿತು ನಿಜ. ಆದರೆ ಚಿಕಿತ್ಸೆ ಪಡೆದ ಪ್ರತಿಯೊಬ್ಬರೂ ಮಧ್ಯಮದಿಂದ ತೀವ್ರ ನೋವು ತಿಂದರು, ಮುಖ ಕೆಂಪೇರಿ ಕೀವುಗುಳ್ಳೆ ಎದ್ದು ಸಿಪ್ಪೆ ಸುಲಿಯಿತು. ‘ಮಾಡಿಸಿಕೊಂಡವರನ್ನೇ ಕೇಳಿ’ ಎನ್ನುವವರು ಈ ಅನುಭವವನ್ನು ಕರಪತ್ರದಲ್ಲಿ ಅಚ್ಚು ಹಾಕಿದ್ದನ್ನು ಕಂಡಿಲ್ಲ. ಅಮೆರಿಕದ ಚರ್ಮವೈದ್ಯರ ಅಕಾಡೆಮಿಯಂತೂ 2024ರ ಮಾರ್ಗಸೂಚಿಯಲ್ಲಿ, ಲೇಸರ್ ಮತ್ತು ಬೆಳಕಿನ ಸಾಧನಗಳ ಬಗ್ಗೆ ಶಿಫಾರಸು ಮಾಡುವಷ್ಟು ಪುರಾವೆ ಇಲ್ಲ ಎಂದು ಕೈಚೆಲ್ಲಿದೆ.

‘ಉಪಯೋಗವಾಗದಿದ್ದರೂ ತೊಂದರೆಯಿಲ್ಲವಲ್ಲ’ ಎಂಬ ಮಾತಿಗೂ ನಿಲ್ಲಲು ನೆಲವಿಲ್ಲ. ನ್ಯೂಟ್ರೋಜಿನಾ 2016ರಲ್ಲಿ ಬಿಟ್ಟ ಅಗ್ಗದ ಬೆಳಕಿನ ಮಾಸ್ಕ್ ಅನ್ನು 2019ರಲ್ಲಿ ಮಾರುಕಟ್ಟೆಯಿಂದ ವಾಪಸ್ ಪಡೆಯಲಾಯಿತು. ಕೆಲವು ಬಗೆಯ ಅಕ್ಷಿಪಟಲದ ಕಾಯಿಲೆ ಇರುವವರಿಗೆ, ಕಣ್ಣನ್ನು ಬೆಳಕಿಗೆ ಸೂಕ್ಷ್ಮವಾಗಿಸುವ ಔಷಧ ತೆಗೆದುಕೊಳ್ಳುವವರಿಗೆ ಹಾನಿಯ ಸಾಧ್ಯತೆ ಇದೆ ಎಂಬುದು ಕಾರಣ. ನಮ್ಮ ಚರ್ಮಕ್ಕೆ ಸಂಬಂಧಿಸಿದ ಪ್ರಶ್ನೆ ಇನ್ನೊಂದಿದೆ. 2014ರ ಫ್ರೆಂಚ್ ಅಧ್ಯಯನವೊಂದು 415 ನ್ಯಾನೊಮೀಟರ್ ಬೆಳಕು ಗೋಧಿ ಬಣ್ಣದ, ಸುಲಭವಾಗಿ ಕಪ್ಪಾಗುವ ಚರ್ಮದಲ್ಲಿ ಮೂರು ತಿಂಗಳವರೆಗೂ ಉಳಿಯುವ ಕಪ್ಪನ್ನು ತರಬಲ್ಲದು, ಕೆಂಪು ಬೆಳಕು ತರುವುದಿಲ್ಲ ಎಂದು ತೋರಿಸಿತು. ಮೊಡವೆಗೆ ಬಳಸುವ ನೀಲಿ ಬೆಳಕಿನ ತರಂಗಾಂತರವೂ ಅದೇ. ಅಧ್ಯಯನದ ಪ್ರಮಾಣ ಚಿಕಿತ್ಸೆಯ ಪ್ರಮಾಣವಲ್ಲ ಎಂದು ವಾದಿಸಬಹುದು. ಹಾಗಾದರೆ ನಮ್ಮ ಬಣ್ಣದವರ ಮೇಲೆ ಪರೀಕ್ಷಿಸಿ ತೋರಿಸುವ ಹೊಣೆ ಮಾರುವವರದ್ದು. ನಮ್ಮಲ್ಲಿ ಮೊಡವೆ ರೋಗಿಯ ದೊಡ್ಡ ಕೊರಗು ಗುಳ್ಳೆಗಿಂತ ಅದು ಬಿಟ್ಟುಹೋಗುವ ಕಪ್ಪು ಕಲೆಯದು ಎಂಬುದು ಚರ್ಮವೈದ್ಯರಿಗೆ ಗೊತ್ತಿಲ್ಲದ್ದಲ್ಲ. ಎಲ್ಲಕ್ಕಿಂತ ದೊಡ್ಡ ನಷ್ಟ ಕಾಲದ್ದು. ಆಳವಾದ ಗಂಟುಮೊಡವೆ ಇರುವ ಹದಿನೆಂಟರ ಹುಡುಗ ಆರು ತಿಂಗಳು ದೀಪದ ಕೆಳಗೆ ಕಳೆದರೆ, ಅಷ್ಟರಲ್ಲಿ ಬಿದ್ದ ಕುಳಿ ಯಾವ ಬೆಳಕಿಗೂ ಪೂರ್ತಿ ತುಂಬುವುದಿಲ್ಲ.

ಕಾನೂನು ಇದನ್ನು ತಡೆಯುತ್ತದೆ ಎಂದು ಕೂರುವುದೂ ಬೇಡ. 2020ರ ಏಪ್ರಿಲ್‌ನಿಂದ ಭಾರತದಲ್ಲಿ ಎಲ್ಲ ವೈದ್ಯಕೀಯ ಸಾಧನಗಳೂ ಔಷಧ ನಿಯಂತ್ರಣದ ಅಡಿಗೆ ಬಂದಿವೆ, ಸರಿ. ಆದರೆ ಯಾವುದು ವೈದ್ಯಕೀಯ ಸಾಧನ ಎಂಬುದು ತಯಾರಕರು ಅದನ್ನು ಯಾವ ಉದ್ದೇಶಕ್ಕೆ ಎಂದು ಹೇಳುತ್ತಾರೋ ಅದನ್ನು ಅವಲಂಬಿಸಿದೆ. ಡಬ್ಬಿಯ ಮೇಲೆ ‘ತ್ವಚೆಯ ಕಾಂತಿಗೆ’ ಎಂದು ಬರೆದು, ಮೊಡವೆ ವಾಸಿಯಾದ ಕಥೆಯನ್ನು ಗ್ರಾಹಕರ ಬಾಯಲ್ಲಿ ಹೇಳಿಸಿದರೆ ಕೆಲಸ ಮುಗಿಯಿತು. ಕಾಯಿಲೆಯ ಹೆಸರಿನಲ್ಲಿ ಹಣ ಪಡೆಯುವ ಸಾಧನಕ್ಕೆ, ಅದರ ಪರ ಪ್ರಕಟಿಸುವ ಅನುಭವದ ಮಾತುಗಳಿಗೆ ಕೂಡ ತಯಾರಕರೇ ಜವಾಬ್ದಾರರು ಎಂದು ಕೇಂದ್ರದ ಔಷಧ ನಿಯಂತ್ರಕರು ಸ್ಪಷ್ಟಪಡಿಸಬೇಕು. ಚರ್ಮವೈದ್ಯರ ಸಂಘಟನೆಗಳು, ಬೆಳಕು ಪಡೆದವರ ಮತ್ತು ಮುಲಾಮು ಮಾತ್ರ ಹಚ್ಚಿದವರ ಅಭಿಪ್ರಾಯವನ್ನು ಒಂದೇ ಪ್ರಶ್ನಾವಳಿಯಲ್ಲಿ ದಾಖಲಿಸುವ ಕೆಲಸವನ್ನು ಇಲ್ಲೇ, ಈ ಬಣ್ಣದ ಚರ್ಮದ ಮೇಲೆಯೇ ಆರಂಭಿಸಲಿ. ಅದಕ್ಕೆ ಲೇಸರ್‌ನಷ್ಟು ಖರ್ಚೇನೂ ಬೇಕಿಲ್ಲ. ಅಲ್ಲಿಯವರೆಗೆ ಪ್ಯಾಕೇಜಿಗೆ ಮುಂಗಡ ಕಟ್ಟಲು ಹೊರಟವರು, ವೈದ್ಯರು ಬರೆದುಕೊಟ್ಟ ಅಡಾಪಲಿನ್ ಅಥವಾ ಬೆಂಜಾಯಿಲ್ ಪೆರಾಕ್ಸೈಡನ್ನು ಒಂದು ದಿನವೂ ಬಿಡದೆ 12 ವಾರ ಹಚ್ಚಿದ್ದೇವೆಯೇ ಎಂದು ಮೊದಲು ಕೇಳಿಕೊಳ್ಳಲಿ. ಹಚ್ಚಿಲ್ಲವಾದರೆ ದುಡ್ಡು ಸದ್ಯಕ್ಕೆ ಜೇಬಿನಲ್ಲೇ ಇರಲಿ.